ಇಲ್ಫರ್ಡಿನ ಕದ್ರು ಮತ್ತು ಅವಳ ಮಕ್ಕಳು

ಧಾರವಾಡಕ್ಕೆ ಮರಳಿ ಹದಿನೈದು ದಿನವಾಯಿತು. ಕಂಡವರೆಲ್ಲ ಕೇಳುವುದು ಒಂದೇ ಮಾತು: ಲಂಡನ್ನಿನಲ್ಲಿ ಏನೇನು ನೋಡಿದೆ? ರಾಣಿಯ ಅರಮನೆ ನೋಡಲಿಲ್ಲ. ನದಿಯ ದಂಡೆಯ ಮೇಲಿನ ದೊಡ್ಡ ಗಾಲಿ ರೈಲಿನ ಕಿಟಕಿಯಿಂದ ಒಮ್ಮೆ ಕಂಡಂತಾಗಿ ಮರೆಯಾಯಿತು. ನಾನು ಕಣ್ತುಂಬ ನೋಡಿದ್ದು ಹಾವು. ದಿನಾ ಬರೆದಿಡುವ, ಲೆಕ್ಕ ಇಡುವ ಚಟ ನನಗೆ ಶಾಲೆಯ ದಿನಗಳಿಂದ ಇದೆ. ಅದರ ಪ್ರಕಾರ ದೊಡ್ಡ ಹಾವು ಒಂಬತ್ತು, ತತ್ತಿ ಹದಿನಾಲ್ಕು, ಒಡೆದ ಹಸಿರು ಬಳೆ ಎರಡು ಡಜನ್. ಬಳೆಯಿಂದಲೇ ಶುರು ಮಾಡುತ್ತೇನೆ.

ಇಲ್ಫರ್ಡ್, ಆಗಸ್ಟ್ 3, 2003

ಅಕ್ಕ ಸುಧಾಗೆ ಐದು ತಿಂಗಳು. ಅವ್ವನಿಗೆ ಮೊಣಕಾಲು ನೋವು, ಅಷ್ಟು ದೂರ ಕೂರಲಾರಳು. ನನ್ನ ಬಿ.ಎಸ್ಸಿ. ಮುಗಿದು ಮನೆಯಲ್ಲೇ ಇದ್ದೆ. ಹೀಗಾಗಿ ಅಕ್ಕನ ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆ, ಸೀರೆ, ಬಳೆ, ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿಕೊಂಡು ನಾನು ಹೊರಟೆ. ಪೆಟ್ಟಿಗೆ ಬಿಚ್ಚಿದಾಗ ರೊಟ್ಟಿ ಒಂದೂ ಮುರಿದಿರಲಿಲ್ಲ, ಬಳೆ ಒಂದೂ ಉಳಿದಿರಲಿಲ್ಲ.

"ಒಡದಾವ ಅನಬಾರದು, ಹೆಚ್ಚಾಗ್ಯಾವ ಅನಬೇಕು," ಎಂದಳು ಅಕ್ಕ. ನಗುತ್ತಲೇ ಅಂದಳು, ಆದರೆ ಚೂರುಗಳನ್ನು ಪೇಪರಿನಲ್ಲಿ ಸುತ್ತುವಾಗ ಅವಳ ಕೈ ನಿಧಾನವಾಗಿತ್ತು.

ಅಕ್ಕನ ಗಂಡ ಶ್ರೀಪಾದ ಮಾಮಾ. ನಮ್ಮ ಅವ್ವನ ಕೊನೆಯ ತಮ್ಮ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಕ ತೊಟ್ಟಿಲಲ್ಲಿದ್ದಾಗಲೇ ಅಜ್ಜಿ "ಇಕಿ ನಮ್ಮ ಶ್ರೀಪಾದಗ" ಎಂದಿದ್ದಳಂತೆ. ಅಜ್ಜಿಯೂ ಲಗ್ನವಾದದ್ದು ತನ್ನ ಸೋದರಮಾವನನ್ನೇ. ಅಕ್ಕ ಇಂದಿಗೂ ಗಂಡನನ್ನು ಮನೆಯಲ್ಲಿ ಮಾಮಾ ಎಂದೇ ಕರೆಯುತ್ತಾಳೆ. ಬೀದಿಗೆ ಬಂದರೆ "ಶ್ರೀ" ಎನ್ನುತ್ತಾಳೆ. ಮೊದಲ ಸಲ ಕೇಳಿದಾಗ ಬೇರೆ ಯಾರನ್ನೋ ಕರೆದಳೆಂದು ಹಿಂದೆ ತಿರುಗಿ ನೋಡಿದ್ದೆ.

ಮಾಮಾ ಕೌನ್ಸಿಲ್ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಮನೆ ಒಂದು ಉದ್ದನೆಯ ಸಾಲಿನಲ್ಲಿದೆ. ಎಲ್ಲ ಮನೆಗಳಿಗೂ ಒಂದೇ ಮೋರೆ, ಒಂದೇ ಬಾಗಿಲು. ಮೊದಲ ದಿನವೇ ನಾನು ಪಕ್ಕದ ಮನೆಯ ಗೇಟು ದಾಟಿ ಒಳಗೆ ಹೋಗಿ, ಅಲ್ಲಿನ ಮುದುಕರಿಂದ "ಗುಡ್ ಆಫ್ಟರ್‌ನೂನ್" ಅನ್ನಿಸಿಕೊಂಡು ಬಂದೆ. ಎರಡನೆಯ ಪೆಟ್ಟು ಹಿತ್ತಲಿನ ಶೆಡ್ಡಿನಲ್ಲಿ ಬಿತ್ತು. ಬಟಾಣಿ ಹುಡುಕುತ್ತ ಅಲ್ಲಿನ ಫ್ರೀಜರ್ ತೆರೆದೆ. ಚೀಲದೊಳಗೆ ಬೆರಳುದ್ದದ, ಕೂದಲಿಲ್ಲದ ಇಲಿಮರಿಗಳು ಕಲ್ಲಾಗಿ ಮಲಗಿದ್ದವು.

"ಅದು ಮೈಲಿಗಿ ಫ್ರೀಜರ್, ವೀಣಾ!" ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು. "ಕೈ ತೊಳಕೊಂಡು ಒಳಗ ಬಾ. ಉಳ್ಳಾಗಡ್ಡಿ ಸುದ್ದಾ ತಿನ್ನಲಾರದ ಮನ್ಯಾಗ ನಿಮ್ಮ ಮಾಮಾ ಹಾವಿಗಂತ ಇಲಿ ತುಂಬಿ ಇಟ್ಟಾನ."

ಮಾಮಾನ ಹಾವುಗಳು ಮೇಲಿನ ಚಿಕ್ಕ ಕೋಣೆಯಲ್ಲಿದ್ದವು. ಕಾರ್ನ್ ಸ್ನೇಕ್ ಎಂಬ ಅಮೆರಿಕದ ಜಾತಿ. ವಿಷವಿಲ್ಲ, ಸೊಂಟದ ಪಟ್ಟಿಯಷ್ಟು ಸಪೂರ, ಹಣ್ಣಾದ ಹುಣಸೆಬೀಜದ ಕೆಂಪು, ಕಿತ್ತಳೆ, ಬೂದಿ. ಆಫೀಸಿನ ಗೆಳೆಯನೊಬ್ಬ ಊರು ಬಿಡುವಾಗ ಒಂದನ್ನು ಇವನ ಕೈಗೆ ಕೊಟ್ಟು ಹೋದನಂತೆ. ಧಾರವಾಡದಲ್ಲಿ ಹಲ್ಲಿಗೂ ಹೆದರುತ್ತಿದ್ದ ಮಾಮಾ ಈಗ ಮರಿ ಮಾಡಿಸಿ ಮಾರುತ್ತಾನೆ.

"ಇಲ್ಲೆ ಮಾರೋ ಮಂದಿ ಅಣ್ಣ-ತಂಗಿನ್ನ ಜೋಡಿ ಮಾಡಿ ಕೊಟ್ಟುಬಿಡ್ತಾರ," ಎಂದ. "ಎರಡು ಮೂರು ಪೀಳಿಗಿ ಹಂಗ ಆತು ಅಂದ್ರ ಬೆನ್ನು ಡೊಂಕು, ತತ್ತಿ ಖಾಲಿ. ನನ್ನ ಹತ್ರ ಆ ಮಾತೇ ಇಲ್ಲ. ನಾ ಗೋತ್ರ ನೋಡ್ತೀನಿ."

ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಡಬ್ಬಿಗಳಿಗೆ ಮೂರು ಬಣ್ಣದ ಟೇಪು ಅಂಟಿಸಿದ್ದ. ಅವನ ಮೂರು ಗಂಡು ಹಾವುಗಳಿಗೆ ಕಾಶ್ಯಪ, ಭಾರದ್ವಾಜ, ಆತ್ರೇಯ ಎಂದು ಹೆಸರು. ಯಾವ ಗಂಡಿಗೆ ಹುಟ್ಟಿತೋ ಆ ಬಣ್ಣ. ಒಂದೇ ಬಣ್ಣದವನ್ನು ಎಂದೂ ಕೂಡಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಡಬ್ಬಿಯಲ್ಲಿ ಟೇಪಿಲ್ಲದ ಒಂದು ಹೆಣ್ಣು ಸುತ್ತಿಕೊಂಡು ಮಲಗಿತ್ತು. ಅದರ ಹೆಸರು ಕದ್ರು. "ಹಾವಿನ ಕುಲದ ತಾಯಿ! ವರ್ಷಾ ತಪ್ಪಲಾರದ ತತ್ತಿ ಇಡ್ತಾಳ," ಎಂದ ಹೆಮ್ಮೆಯಿಂದ.

ಅಕ್ಕ ಮಾತ್ರ ಮೆಟ್ಟಿಲ ಕೆಳಗೇ ನಿಂತಿದ್ದಳು. ಬಸುರಿಯನ್ನು ನೋಡಿದರೆ ಹಾವಿಗೆ ಕಣ್ಣು ಹೋಗುತ್ತದೆ ಎಂಬ ಮಾತು ನಮ್ಮಲ್ಲಿ ಇದೆಯಲ್ಲ.

ರಾತ್ರಿ ಊಟಕ್ಕೆ ಕೂತಾಗ ಸೆಕೆಗೆ ಕಿಟಕಿ ಎಲ್ಲ ತೆರೆದಿದ್ದೆವು. ಈ ವರ್ಷದ ಬೇಸಿಗೆ ಅಲ್ಲಿನವರೂ ಕಂಡರಿಯದ್ದಂತೆ, ಫ್ಯಾನು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಮಾಮಾ ಆಸ್ಪತ್ರೆಯ ಸುದ್ದಿ ತೆಗೆದ. ಮೊದಲ ಭೇಟಿಯಲ್ಲಿ ಸೂಲಗಿತ್ತಿ ನರ್ಸು ಕೇಳಿದ್ದಳಂತೆ, ನೀವು ಗಂಡ ಹೆಂಡತಿ ರಕ್ತಸಂಬಂಧಿಗಳೇ ಎಂದು.

"ನಾ ಇಲ್ಲ ಅಂದೆ. ಗೋತ್ರನೇ ಬ್ಯಾರೆ ಅದ, ಸುಳ್ಳೇನದ?" ಎಂದ ಮಾಮಾ. "ಅವ್ವನ ತಮ್ಮ ಅಂತ ಹೇಳಿದ್ರ ಇವರು ಪೊಲೀಸರನ್ನ ಕರೀತಾರ."

ಮೂವರೂ ನಕ್ಕೆವು. ಅಕ್ಕ ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಸೌತ್‌ಹಾಲ್, ಆಗಸ್ಟ್ 5

ಹಸಿರು ಗಾಜಿನ ಬಳೆಗಾಗಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದೆವು. ಹಳಿ ಕಾದು ಬಾಗುತ್ತವೆಂದು ರೈಲುಗಳು ನಡೆದಂತೆ ಓಡುತ್ತಿದ್ದವು. ಡಬ್ಬಿಯಲ್ಲಿ ಇಷ್ಟು ಜನ ಬೆವರಿ ಕೂತಿದ್ದರೂ ಒಬ್ಬರೂ ಮಾತಾಡುವುದಿಲ್ಲ. ಹುಬ್ಬಳ್ಳಿ ಪ್ಯಾಸೆಂಜರ್ ಹತ್ತು ನಿಮಿಷ ನಿಂತರೆ ಇಡೀ ಡಬ್ಬಿ ಒಂದು ಕುಟುಂಬವಾಗುತ್ತದೆ. ಇಲ್ಲಿ ಎಲ್ಲರೂ ತಂತಮ್ಮ ಪೇಪರಿನ ಹಿಂದೆ ಒಬ್ಬೊಬ್ಬರೇ ಬೇಯುತ್ತಾರೆ.

ಸೌತ್‌ಹಾಲಿನಲ್ಲಿ ಇಳಿದರೆ ಮಾತೇ ಮಾತು. ಜಿಲೇಬಿಯ ವಾಸನೆ, ಹಾಡು, ರಸ್ತೆಯವರೆಗೂ ಚಾಚಿದ ಬಟ್ಟೆ ಅಂಗಡಿ. ಬಳೆಯ ಪಂಜಾಬಿ ಹೆಂಗಸು ಅಕ್ಕನ ಹೊಟ್ಟೆ ನೋಡಿದ್ದೇ ಕೈ ಹಿಡಿದು, ಬೆರಳುಗಳನ್ನು ಹಿಂಡಿ ಒಂದು ಮಾಡಿ, ಡಜನ್ ಬಳೆ ಜಾರಿಸಿಯೇಬಿಟ್ಟಳು. ಒಂದೂ ಒಡೆಯಲಿಲ್ಲ. ಅಕ್ಕನ ಮುಖ ಆಗ ಸಡಿಲವಾಯಿತು.

ಬಸ್ ನಿಲ್ದಾಣದ ನೆರಳಲ್ಲಿ ಕೂತಾಗ ಅವಳು ಮೆಲ್ಲಗೆ ಹೇಳಿದಳು.

"ವೀಣಾ, ನಾ ಆ ಖೋಲಿಗೆ ಹೋಗಿದ್ದೆ."

"ಯಾವಾಗ?"

"ಎರಡು ವಾರ ಆತು. ಮಾಮಾ ಆಫೀಸಿನ್ಯಾಗ ಇದ್ದ. ಆ ತತ್ತಿಗೆ ಕಾವು ಕೊಡೋ ಪೆಟ್ಟಿಗಿ ಪೀಂ ಪೀಂ ಅಂತ ಒದರ್ಲಿಕ್ಕೆ ಹತ್ತಿತು. ಸೆಕಿಗೆ ಎಲ್ಲಾ ಬೇಯ್ತಾವೇನೋ ಅಂತ ಓಡಿ ಹೋಗಿ ಮುಚ್ಚಳ ತಗದೆ. ತತ್ತಿ ಎಲ್ಲಾ ನೋಡಿದೆ." ಬಳೆಗಳನ್ನು ಮೇಲೆ ಕೆಳಗೆ ಸರಿಸಿದಳು. "ಹಾವು ನೋಡಿದ್ರ ಅದರ ಕಣ್ಣು ಹೋಗ್ತದಂತ. ತತ್ತಿ ನೋಡಿದ್ರ?"

ನಾನು ಜೋರಾಗಿ ನಕ್ಕೆ. "ಅಕ್ಕಾ, ನೀ ಎಂ.ಎ. ಮಾಡೀದಿ!"

"ಅಜ್ಜಿನೂ ಗ್ರಹಣದ ದಿನ ಬಚ್ಚಲಿಗೆ ಹೋಗಿದ್ದಳು ಅಷ್ಟ."

ನನ್ನ ನಗು ನಿಂತಿತು. ಗುಂಡೂ ಮಾಮಾ ಅಜ್ಜಿಯ ಎರಡನೆಯ ಮಗ, ಹುಟ್ಟಾ ಕಿವುಡ. ಗ್ರಹಣ ಹಿಡಿದಾಗ ಅಜ್ಜಿ ಹೊರಗೆ ಕಾಲಿಟ್ಟದ್ದಕ್ಕೆ ಹಾಗಾಯಿತೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅಜ್ಜಿಯೂ ಸಾಯುವವರೆಗೆ ಅದನ್ನೇ ಹೇಳಿದಳು.

"ಮಾಮಾಗ ಹೇಳಬ್ಯಾಡ," ಎಂದಳು ಅಕ್ಕ. ನಮ್ಮ ಬಸ್ಸು ಬಂತು.

ಮತ್ತೆ ಇಲ್ಫರ್ಡ್, ಆಗಸ್ಟ್ 8

ಬೆಳಿಗ್ಗೆ ಚಹಾದ ಹೊತ್ತಿಗೆ ಮಾಮಾ ಮೇಲಿನಿಂದ ಕೂಗಿದ: "ಸೀಳ್ಯಾವ!" ಆಫೀಸಿಗೆ ರಜೆ ಹೇಳಿಯೇಬಿಟ್ಟ.

ಥರ್ಮಾಕೋಲ್ ಪೆಟ್ಟಿಗೆಯೊಳಗೆ ಒದ್ದೆ ಪುಡಿಯಲ್ಲಿ ಅರ್ಧ ಹುಗಿದ ಹದಿನಾಲ್ಕು ತತ್ತಿ. ಕೋಳಿ ತತ್ತಿಯಂತೆ ಗಟ್ಟಿಯಲ್ಲ, ತೊಗಲಿನಂಥ ಚಿಪ್ಪು. ಅದರಲ್ಲಿ ಬ್ಲೇಡಿನಿಂದ ಗೀರಿದಂಥ ಸೀಳು, ಸೀಳಿನಿಂದ ಅಂಟುಅಂಟಾದ ಒಂದು ಮೂತಿ. ಮೂತಿ ಹೊರಗಿಟ್ಟು ಮರಿ ಗಂಟೆಗಟ್ಟಲೆ ಸುಮ್ಮನೆ ಜಗತ್ತನ್ನು ನೋಡುತ್ತಿರುತ್ತದೆ. ನಾವು ಮುಂದೆ ಬಗ್ಗಿದರೆ ಒಳಗೆ ಎಳೆದುಕೊಳ್ಳುತ್ತದೆ. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಕೋಣೆ ಹಬೆಯಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎಂಟು ಮರಿ ಹೊರಬಂದವು. ಒಂಬತ್ತನೆಯದು ನನ್ನ ಕಡೆ ತಲೆ ತಿರುಗಿಸಿತು. ಎಡಗಡೆ ಕಣ್ಣಿರಬೇಕಾದ ಜಾಗದಲ್ಲಿ ಬರೀ ನುಣುಪಾದ ತೊಗಲಿತ್ತು.

"ಮಾಮಾ, ಇದಕ್ಕ ಒಂದು ಕಣ್ಣಿಲ್ಲ."

ಮಾಮಾ ಮರಿಯನ್ನು ಎತ್ತಿ ದೀಪದ ಹತ್ತಿರ ಹಿಡಿದ.

"ಸೆಕಿ," ಎಂದ. "ಪೆಟ್ಟಿಗಿ ಕಾದಿತ್ತು."

ಹಿಂದೆ ಬಳೆ ಸದ್ದಾಯಿತು. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. "ನನ್ನಿಂದ ಆತು," ಎಂದಳು. "ನಾ ನೋಡಿದ್ದಕ್ಕ ಆತು. ಮಾಮಾ, ನಾ ಒಳಗ ಬಂದಿದ್ದೆ."

ನನಗೆ ಆಗ ಬೇಕಿದ್ದದ್ದು ಒಂದೇ, ಅವಳ ತಲೆಯಿಂದ ಆ ಮಾತು ತೆಗೆಯುವುದು. ಅದು ನೋಟದಿಂದ ಆಗುವಂಥದ್ದಲ್ಲ ಎಂದು ತೋರಿಸಬೇಕಿತ್ತು. ಬೇರೆ ಕಾರಣ ಹುಡುಕಬೇಕಿತ್ತು.

"ತಡಿ ಅಕ್ಕಾ. ಮಾಮಾ, ಈ ತತ್ತಿಗಳ ಅಪ್ಪ ಯಾರು?"

"ಭಾರದ್ವಾಜನ ಮಗ."

"ಅವ್ವ?"

"ಕಾಶ್ಯಪನ ಮಗಳು. ಗೋತ್ರ ಬ್ಯಾರೆ ಬ್ಯಾರೆ."

"ಹೌದು. ಆ ಭಾರದ್ವಾಜನ ಮಗನ ಅವ್ವ ಯಾರು?"

"ಯಾರು ಅಂದ್ರ? ಕದ್ರು."

"ಕಾಶ್ಯಪನ ಮಗಳ ಅವ್ವ?"

ಮಾಮಾ ಟೇಪಿಲ್ಲದ ದೊಡ್ಡ ಡಬ್ಬಿಯ ಕಡೆ ತಿರುಗಿದ. ಗಂಡು ಮೂರು ತಂದಿದ್ದ, ಮೂರು ಕಡೆಯಿಂದ, ವಿಚಾರಿಸಿ ತಂದಿದ್ದ. ಈ ಮಗಳು ತತ್ತಿ ಇಡುವವರೆಗೆ ತತ್ತಿ ಇಟ್ಟ ಹೆಣ್ಣು ಮಾತ್ರ ಒಂದೇ, ಕದ್ರು. ಒಂದು ವರ್ಷ ಕಾಶ್ಯಪ, ಮರುವರ್ಷ ಭಾರದ್ವಾಜ. ಅಪ್ಪಂದಿರ ಬಣ್ಣ ಅಂಟಿಸುತ್ತ ಹೋದವನು ಅವ್ವನಿಗೆ ಟೇಪೇ ಅಂಟಿಸಿರಲಿಲ್ಲ.

"ನೋಡು ಅಕ್ಕಾ," ಎಂದೆ, ಪರೀಕ್ಷೆಯಲ್ಲಿ ಉತ್ತರ ಹೊಳೆದವಳ ಉತ್ಸಾಹದಲ್ಲಿ. "ಅಪ್ಪ ಬ್ಯಾರೆ, ಅವ್ವ ಒಬ್ಬಕಿ. ಅರ್ಧ ಅಣ್ಣ ತಂಗಿ ಕೂಡ್ಯಾವ. ಅದಕ್ಕ ಆಗಿರಬಹುದು. ನಿನಗೂ ಇದಕ್ಕೂ ಸಂಬಂಧನೇ ಇಲ್ಲ."

"ಅರ್ಧ ಅಣ್ಣ ತಂಗಿ ಅಂದ್ರ ರಕ್ತ ಎಷ್ಟು ಒಂದಿರ್ತದ?"

"ಕಾಲು ಪಾಲು."

ಅಕ್ಕ ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದಳು.

"ಅವ್ವನ ತಮ್ಮ, ಅಕ್ಕನ ಮಗಳು? ಅವರದು ಎಷ್ಟು?"

ಉತ್ತರ ನನಗೆ ಗೊತ್ತಿತ್ತು. ಕ್ಲಾಸಿನಲ್ಲಿ ಈ ಲೆಕ್ಕ ನೂರು ಸಲ ಮಾಡಿದ್ದೆ. ಪುಸ್ತಕದಲ್ಲಿ ಗಂಡು ಚೌಕ, ಹೆಣ್ಣು ವರ್ತುಲ ಆಗಿರುತ್ತಿತ್ತು. ನಮ್ಮ ಮನೆ ಅದರಲ್ಲಿ ಇರಲಿಲ್ಲ. ಮಾಮಾ ನನ್ನ ಕಡೆ ನೋಡಿದ, ಹೇಳಬೇಡ ಎನ್ನುವಂತೆಯೋ, ಹೇಳಿಬಿಡು ಎನ್ನುವಂತೆಯೋ ತಿಳಿಯಲಿಲ್ಲ.

"ಅದೂ ಕಾಲೇ," ಎಂದೆ.

ಪೆಟ್ಟಿಗೆಯಲ್ಲಿ ಹತ್ತನೆಯ ತತ್ತಿ ಅಲುಗಿತು. ಯಾರೂ ಅತ್ತ ನೋಡಲಿಲ್ಲ.

"ಒಂದು ಸಲಕ್ಕ ಏನೂ ಆಗಬೇಕಂತಿಲ್ಲ," ಎಂದು ನಾನು ಅವಸರದಲ್ಲಿ ಸೇರಿಸಿದೆ. "ಭಾಳ ಮಂದಿಗೆ ಏನೂ ಆಗೂದಿಲ್ಲ. ಮ್ಯಾಲಿಂದ ಮ್ಯಾಲೆ ಆದ್ರ..."

"ಅಜ್ಜಿದೂ ಹಂಗ ಅದಲ್ಲ," ಎಂದಳು ಅಕ್ಕ.

"ಸೆಕಿಗೆ ಆಗೇದ ಅಂತ ಹೇಳಿದೆನಲ್ಲ!" ಮಾಮಾ ಗದರಿಸಿದ. ಮಾಮಾ ಗದರಿಸಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಥರ್ಮೋಸ್ಟಾಟ್ ಕೆಟ್ಟಿತ್ತು. ಹಾವಿನ ಮಾತು ಹಾವಿಗೆ ಇರಲಿ."

ಸೆಕೆಗೂ ಹಾಗಾಗಬಹುದು ಎಂಬುದು ನಿಜ. ಯಾವುದರಿಂದ ಆಯಿತೆಂದು ಆ ಮರಿಯನ್ನು ನೋಡಿ ಯಾರೂ ಹೇಳಲಾರರು. ಸಂಜೆಗೆ ಲೆಕ್ಕ ಬರೆದೆ: ತತ್ತಿ ಹದಿನಾಲ್ಕು, ಮರಿ ಹನ್ನೆರಡು, ಒಳಗೇ ಸತ್ತವು ಎರಡು, ಕಣ್ಣಿಲ್ಲದ್ದು ಒಂದು. ಕಾರಣ ಎಂಬಲ್ಲಿ ಏನೂ ಬರೆಯಲಾಗಲಿಲ್ಲ.

ಪಿನ್ನರ್, ಆಗಸ್ಟ್ 9

ಮರುದಿನ ಡೊರೊಥಿಗೆ ಒಂದು ಗಂಡು ಹಾವು ಮುಟ್ಟಿಸುವ ಮಾತಾಗಿತ್ತು. ಡೊರೊಥಿ ನಿವೃತ್ತ ಟೀಚರು, ಪಿನ್ನರಿನಲ್ಲಿ ಒಂಟಿಯಾಗಿ ಇರುವವಳು. ಎರಡು ವರ್ಷದ ಹಿಂದೆ ಮಾಮಾನಿಂದ ಹೆಣ್ಣೊಂದನ್ನು ಕೊಂಡಿದ್ದಳು, ಕಾಶ್ಯಪನ ಮಗಳು. ಈಗ ಅದಕ್ಕೆ ಸಂಬಂಧವಿಲ್ಲದ ಗಂಡು ಬೇಕೆಂದು ಕೇಳಿದ್ದಳು. ಮಾಮಾ ಮೇ ತಿಂಗಳಲ್ಲೇ ಒಪ್ಪಿಕೊಂಡು ಭಾರದ್ವಾಜನ ಮಗನನ್ನು ತೆಗೆದಿಟ್ಟಿದ್ದ. ನಿನ್ನೆಯ ತತ್ತಿಗಳ ಅಪ್ಪ ಅವ್ವನದೂ ಇಂಥದೇ ಜೋಡಿ, ಎಲ್ಲಕ್ಕೂ ಅವ್ವ ಕದ್ರು.

ಬೆಳಿಗ್ಗೆ ಅವನು ಏನೂ ಆಗಿಲ್ಲವೆಂಬಂತೆ ಹಾವನ್ನು ತಲೆದಿಂಬಿನ ಚೀಲದಲ್ಲಿ ಹಾಕಿ ಗಂಟು ಕಟ್ಟಿ, ತೂತು ಮಾಡಿದ ಡಬ್ಬಿಯಲ್ಲಿಟ್ಟ. ನನ್ನನ್ನು ಜೊತೆಗೆ ಬಾ ಎಂದ. ಅಕ್ಕ ಬಾಗಿಲಿಗೆ ಬಂದಳು.

"ಮಾಮಾ, ಅಕಿ ಕೇಳಿದ್ರ ಏನು ಹೇಳ್ತೀ?"

ಮಾಮಾ ಬೂಟಿನ ಲಾಡಿ ಕಟ್ಟುತ್ತಲೇ ಇದ್ದ.

"ನೀ ಏನು ಹೇಳ್ತೀಯೋ ಹೇಳು. ಗುರುವಾರ ನರ್ಸ್ ಮುಂದ ನಾನೂ ಅದನ್ನ ಹೇಳ್ತೀನಿ. ನೀ ಅಲ್ಲೆ ಸಂಬಂಧಿಲ್ಲ ಅಂದ್ರ ನಾ ಇಲ್ಲೆ ಸಂಬಂಧಿಲ್ಲ ಅಂತೀನಿ. ಮತ್ತ ಈ ಮಾತು ತಗಿಯೂದಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು.

ಲಿವರ್‌ಪೂಲ್ ಸ್ಟ್ರೀಟಿನಲ್ಲಿ ಟ್ಯೂಬ್ ಎಂಬ ನೆಲದಡಿಯ ರೈಲು ಹಿಡಿದೆವು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಎರಡು ನಿಲ್ದಾಣಗಳ ನಡುವೆ ಸುರಂಗದಲ್ಲಿ ರೈಲು ನಿಂತಿತು. ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಗಾಳಿಯಿಲ್ಲ. ಡಬ್ಬಿಯ ಒಳಗೆ ಚೀಲ ಸರಿದಾಡಲು ಶುರುವಾಯಿತು. ಹಾವಿಗೆ ಇಷ್ಟು ಕಾವು ಆಗುವುದಿಲ್ಲ. ನನ್ನ ಅಂಗೈ ಬೆವರಿ ಡಬ್ಬಿ ಜಾರತೊಡಗಿತು. ಎದುರಿಗೆ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಹೆಂಗಸು ಡಬ್ಬಿಯನ್ನೇ ನೋಡುತ್ತಿದ್ದಳು.

"ಬೆಕ್ಕೇ?" ಎಂದು ಕೇಳಿದಳು.

"ಅಲ್ಲ, ಹಾವು," ಎಂದೆ. ಸುಳ್ಳು ಹೊಳೆಯಲಿಲ್ಲ.

ಇದೇ ಮಾತು ಹುಬ್ಬಳ್ಳಿ ಗಾಡಿಯಲ್ಲಿ ಹೇಳಿದ್ದರೆ ಅರ್ಧ ಜನ ಸರಪಳಿ ಎಳೆಯುತ್ತಿದ್ದರು, ಉಳಿದರ್ಧ ಕೈ ಮುಗಿದು ಹಾಲು ಹುಡುಕುತ್ತಿದ್ದರು. ಆಕೆ ಕೈಚೀಲವನ್ನು ಸ್ವಲ್ಪ ತನ್ನತ್ತ ಎಳೆದುಕೊಂಡಳು. ಆಮೇಲೆ ತನ್ನ ನೀರಿನ ಬಾಟಲಿ ಮುಂದೆ ಚಾಚಿದಳು. "ಅದಕ್ಕೆ ಬೇಕಾಗಬಹುದು." ಮಾಮಾ ಕರವಸ್ತ್ರ ಒದ್ದೆ ಮಾಡಿ ಡಬ್ಬಿಯ ಮೇಲೆ ಹಾಸಿದ. ರೈಲು ಹೊರಟಾಗ ಆಕೆ ಮತ್ತೆ ಪೇಪರಿನ ಹಿಂದೆ ಹೋದಳು, ಏನೂ ನಡೆದೇ ಇಲ್ಲವೆಂಬಂತೆ.

ಪಿನ್ನರಿನಲ್ಲಿ ಹುಲ್ಲೆಲ್ಲ ಒಣಗಿ ನಮ್ಮ ಮಾರ್ಚ್ ತಿಂಗಳ ಮೈದಾನದಂತಾಗಿತ್ತು. ಡೊರೊಥಿ ಗಿಡ್ಡ ಹೆಂಗಸು, ಗಂಡಸರ ಟೊಪ್ಪಿಗೆ ಹಾಕಿಕೊಂಡಿದ್ದಳು. ಮುಂದಿನ ಕೋಣೆಯಲ್ಲಿ ಟಿ.ವಿ. ಇರಬೇಕಾದ ಕಡೆ ಗಾಜಿನ ಪೆಟ್ಟಿಗೆ, ಅದರಲ್ಲಿ ಮಾಮಾನ ಕಾಶ್ಯಪನ ಮಗಳು ಕೊಬ್ಬಿ ಮಲಗಿತ್ತು. ನಮಗೆ ತಣ್ಣನೆಯ ನಿಂಬೆ ಪಾನಕ ಬಂತು. ಸಕ್ಕರೆಯೇ ಇಲ್ಲ, ಉಪ್ಪೂ ಇಲ್ಲ. ಮಾಮಾ ಗುಟುಕರಿಸಲಿಲ್ಲ.

ಅವಳು ಹಿಂದೊಮ್ಮೆ ಒಬ್ಬ ವ್ಯಾಪಾರಿಯನ್ನು ನಂಬಿ ಜೋಡಿ ಕೊಂಡಿದ್ದಳಂತೆ. ಸಂಬಂಧವಿಲ್ಲ ಎಂದಿದ್ದನಂತೆ. ಮರಿಗಳು ಬೆನ್ನು ಸೊಟ್ಟಗಾಗಿ ಹುಟ್ಟಿದವು, ತೆವಳಲಾರವು. ಅವನ್ನು ಪಶುವೈದ್ಯರ ಹತ್ತಿರ ಒಯ್ದು ಸೂಜಿ ಹಾಕಿಸಿ ಸಾಯಿಸಬೇಕಾಯಿತು. "ಒಂದೊಂದನ್ನೂ ನಾನೇ ಕೈಯಲ್ಲಿ ಹಿಡಿದಿದ್ದೆ," ಎಂದಳು, ಗೋಡೆಯ ಕಡೆ ನೋಡುತ್ತ. "ಅದಕ್ಕೇ ಈಗ ಗುರುತಿನವರ ಹತ್ತಿರ ಮಾತ್ರ." ಆಮೇಲೆ ಮಾಮಾನತ್ತ ತಿರುಗಿದಳು. "ಇವನಿಗೂ ನನ್ನವಳಿಗೂ ಏನೂ ಸಂಬಂಧವಿಲ್ಲ ತಾನೆ, ಶ್ರೀ?"

"ಅಪ್ಪ ಬೇರೆ," ಎಂದ ಮಾಮಾ.

ಮಾತು ನಿಜ. ಡೊರೊಥಿಗೆ ಅಷ್ಟು ಸಾಕಾಯಿತು. ಮುಖ ಅರಳಿ ಎರಡೂ ಕೈ ಚಾಚಿದಳು. ಮಾಮಾ ಗಂಟು ಬಿಚ್ಚಿ ಹಾವನ್ನು ಹೊರತೆಗೆದ. ಅದು ಅವನ ಮಣಿಕಟ್ಟಿಗೆ ಸುತ್ತಿಕೊಂಡು ತಲೆಯನ್ನು ಅವಳ ಕಡೆ ಚಾಚಿತು. ಅವಳ ಬೆರಳು ಅದರ ಬೆನ್ನಿಗೆ ತಾಗಿದವು. ಮಾಮಾ ಬಿಡಲಿಲ್ಲ. ಅವಳು ಮೆಲ್ಲಗೆ ಎಳೆದಳು. ಮಾಮಾ ಇನ್ನೂ ಬಿಡಲಿಲ್ಲ.

"ತಾಯಿ ಒಬ್ಬಳೇ," ಎಂದ.

ಡೊರೊಥಿ ಕೈ ಹಿಂದೆ ತೆಗೆದುಕೊಂಡಳು. "ಯಾವಾಗಿನಿಂದ ಗೊತ್ತು?"

"ನಿನ್ನೆಯಿಂದ. ನಾನು ಅಪ್ಪಂದಿರನ್ನಷ್ಟೇ ನೋಡುತ್ತಿದ್ದೆ. ನಮ್ಮಲ್ಲಿ ಹಾಗೇ ನೋಡುವುದು."

"ಹಾಗಾದರೆ ಮೇ ತಿಂಗಳಲ್ಲಿ ನೀನು ಹೇಳಿದ್ದು ಸುಳ್ಳಲ್ಲ."

"ಈಗ ಸುಳ್ಳು ಹೇಳಲಿಕ್ಕಿದ್ದೆ."

"ಅದು ಕಂಡಿತು," ಎಂದಳು ಡೊರೊಥಿ. ಹಾವಿನ ತಲೆಯನ್ನು ಒಂದು ಬೆರಳಿನಿಂದ ಸವರಿದಳು. "ಚೆಂದದ ಹುಡುಗ. ಆದರೆ ನಿನ್ನ ಜೊತೆಗೇ ಮನೆಗೆ ಹೋಗಲಿ. ನಿನ್ನ ಹತ್ತಿರ ಒಬ್ಬಳೇ ತಾಯಿ ಇರುವವರೆಗೆ ಎಷ್ಟು ಗಂಡು ತಂದರೆ ಏನು ಬಂತು, ಶ್ರೀ? ಪಾನಕ ಕುಡಿ."

ಮಾಮಾ ಒಂದೇ ಉಸಿರಿಗೆ ಕುಡಿದು, ಹುಳಿಗೆ ಮುಖ ಕಿವುಚಿದ. ಡೊರೊಥಿ ನಕ್ಕುಬಿಟ್ಟಳು.

ಮರಳುವಾಗ ಡಬ್ಬಿ ಅವನ ತೊಡೆಯ ಮೇಲಿತ್ತು. ಹ್ಯಾರೋ ದಾಟಿದ ಮೇಲೆ ಬಾಯಿ ಬಿಟ್ಟ. "ಅಲ್ಲೆ ಹೇಳೂದು ಸರಳ ಇತ್ತು, ವೀಣಾ. ಹಾವು ವಾಪಸ್ ತರಬಹುದು." ಡಬ್ಬಿಯನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡ.

ಮನೆಯ ಬಾಗಿಲು ತೆರೆದ ಅಕ್ಕ ಮೊದಲು ನೋಡಿದ್ದು ಡಬ್ಬಿಯನ್ನು. ಖಾಲಿಯಲ್ಲ ಎಂದು ಅದರ ಭಾರದಿಂದಲೇ ತಿಳಿಯುತ್ತಿತ್ತು. ಏನೂ ಕೇಳದೆ ಮಾಮಾನ ಕೈಯಿಂದ ಅದನ್ನು ತೆಗೆದುಕೊಂಡು ತಾನೇ ಮೆಟ್ಟಿಲು ಹತ್ತಿದಳು. ನಾವು ಹಿಂದೆ ಹೋದಾಗ ಅವಳು ಒಕ್ಕಣ್ಣಿನ ಮರಿಯ ಡಬ್ಬಿಯ ಪಕ್ಕ ನೆಲದ ಮೇಲೆ ಕೂತಿದ್ದಳು.

"ಎಡಗಡೆ ಕೂತೀನಿ," ಎಂದಳು. "ಈ ಕಡಿಂದ ನಾ ಬಸುರಿ ಅಂತ ಇದಕ್ಕ ಗೊತ್ತಾಗೂದಿಲ್ಲ."

ಮಾಮಾ ನಗಲು ಹೋದ. ಅದು ನಗುವಾಗಲಿಲ್ಲ. ಮುಖ ಮುಚ್ಚಿಕೊಂಡು ಅಲ್ಲೇ ಕೂತ.

ಇಲ್ಫರ್ಡ್, ಆಗಸ್ಟ್ 14

ಕ್ಲಿನಿಕ್ಕಿನಲ್ಲಿ ಕಾಯುವ ಕುರ್ಚಿಗಳೆಲ್ಲ ತುಂಬಿದ್ದವು. ಸೀರೆ, ಬುರ್ಖಾ, ಜೀನ್ಸ್, ಎಲ್ಲ ಹೊಟ್ಟೆಗಳೂ ಒಂದೇ ಸಮ ಬೆವರುತ್ತಿದ್ದವು. ಮಾಮಾ ಗೋಡೆಯ ಮೇಲಿನ ಒಂದೇ ಚಿತ್ರಪಟವನ್ನು ಓದುತ್ತಲೇ ಇದ್ದ. ಅಕ್ಕ ಕೈ ಕಟ್ಟಿ ಕೂತಿದ್ದಳು, ಬಳೆ ಸದ್ದು ಮಾಡಬಾರದೆನ್ನುವಂತೆ. ಅವಳ ಹೆಸರು ಕೂಗಿದರು. ತಂಗಿಯೂ ಬರಲಿ ಎಂದಿತು ಒಳಗಿನ ದನಿ.

ನರ್ಸು ಜಮೈಕಾ ಮೂಲದವಳು, ದೊಡ್ಡ ಆಳು, ದೊಡ್ಡ ಕೈ. ಅಕ್ಕನ ರಕ್ತದೊತ್ತಡ ನೋಡಿದಳು. ಹೊಟ್ಟೆ ಅಳೆದಳು. ಒಂದು ಪುಟ್ಟ ಯಂತ್ರವನ್ನು ಹೊಟ್ಟೆಗೆ ಒತ್ತಿ ಕೂಸಿನ ಎದೆಬಡಿತ ಕೇಳಿಸಿದಳು. ಅದು ಕುದುರೆ ಓಡಿದಂತೆ ಕೇಳಿತು. "ಎಲ್ಲ ಚೆನ್ನಾಗಿದೆ. ಹೇಳುವುದು ಏನಾದರೂ ಉಂಟೇ?" ಎಂದಳು.

ಅಕ್ಕ ಮಾಮಾನ ಕಡೆ ನೋಡಿದಳು. ಮಾಮಾ ತಲೆ ಎತ್ತಿದ. ಬಾಯಿ ತೆರೆದ. ಆದರೆ ಹೇಳಿದವಳು ಅಕ್ಕ.

"ಮೊದಲ ಸಲ ನೀವು ಕೇಳಿದಾಗ ಇಲ್ಲ ಅಂದಿದ್ದೆವು. ಇವರು ನನ್ನ ತಾಯಿಯ ತಮ್ಮ."

ಪೊಲೀಸರ ಮಾತು ನೆನಪಾಯಿತು. ಆಗ ನಕ್ಕಿದ್ದು ನೆನಪಾಯಿತು.

"ಹೇಳಿದ್ದು ಒಳ್ಳೆಯದಾಯಿತು," ಎಂದಳು ನರ್ಸು. "ನೀನೇ ಮೊದಲಿನವಳಲ್ಲ, ಮಗೂ." ಡ್ರಾವರಿನಿಂದ ಒಂದು ಬಿಳಿ ಹಾಳೆ ತೆಗೆದಳು. "ನಿನ್ನ ತಾಯಿಯಿಂದ ಶುರು ಮಾಡೋಣ. ಆಕೆಯ ಹೆಸರು?"

ಅವ್ವನಿಗೆ ಒಂದು ವರ್ತುಲ ಬಿತ್ತು. ಅವ್ವನ ಪಕ್ಕ ಮಾಮಾ ಒಂದು ಚೌಕ. ಅವ್ವನಿಂದ ಕೆಳಗೆ ಅಕ್ಕ, ಇನ್ನೊಂದು ವರ್ತುಲ. ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ತೊಂದರೆ ಉಂಟೇ ಎಂದು ಕೇಳಿದಳು. ಮಾಮಾ ಮೊದಲ ಸಲ ಮಾತಾಡಿದ: "ನನ್ನ ಅಣ್ಣನೊಬ್ಬನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ." ಯಾಕೆಂದು ಅವಳು ಕೇಳಲಿಲ್ಲ. ಅಕ್ಕ ಗ್ರಹಣದ ಮಾತು ತೆಗೆಯಲಿಲ್ಲ. ಇದಕ್ಕೆಂದೇ ಇರುವ ಡಾಕ್ಟರೊಬ್ಬರಿಗೆ ಕಾಗದ ಬರೆಯುತ್ತೇನೆ, ಸ್ಕ್ಯಾನಿನಲ್ಲಿ ಹೆಚ್ಚು ಹೊತ್ತು ನೋಡುತ್ತಾರೆ, ಕೂಸು ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡಿಸೋಣ ಎಂದಳು. ಏನೂ ಆಗುವುದಿಲ್ಲ ಎಂದು ಹೇಳಲಿಲ್ಲ. ಏನಾದರೂ ಆಗುತ್ತದೆ ಎಂದೂ ಹೇಳಲಿಲ್ಲ.

ಆಮೇಲೆ ಮಾಮಾನ ಚೌಕದಿಂದ ಅಕ್ಕನ ವರ್ತುಲಕ್ಕೆ ಗೆರೆ ಎಳೆದಳು. ಅದರ ಕೆಳಗೇ, ಅಂಟಿದಂತೆ, ಇನ್ನೊಂದು ಗೆರೆ.

"ಎರಡು ಯಾಕೆ?" ಎಂದು ಅಕ್ಕ ಕೇಳಿದಳು.

"ಸಂಬಂಧದೊಳಗಿನ ಮದುವೆ ಎಂಬ ಗುರುತು. ಮುಂದೆ ಈ ಹಾಳೆ ನೋಡುವವರು ನಿನ್ನನ್ನು ಮತ್ತೆ ಕೇಳಬೇಕಾಗುವುದಿಲ್ಲ."

ಅಕ್ಕ ಹಾಳೆಯ ಮೇಲೆ ಬಗ್ಗಿದಳು. ಬೆರಳಿನಿಂದ ಆ ಎರಡು ಗೆರೆಗಳನ್ನು ಮುಟ್ಟಿ, ಅಲ್ಲಿಂದ ಅವ್ವನ ವರ್ತುಲದ ಮೇಲಕ್ಕೆ, ಹಾಳೆಯ ಅಂಚಿನವರೆಗೆ ಸರಿಸಿದಳು. ಹಸಿರು ಬಳೆಗಳು ಮೇಜಿಗೆ ತಾಗಿ ಸದ್ದಾದವು.

"ಇಲ್ಲೂ ಎರಡು ಎಳೆಯಿರಿ," ಎಂದಳು. "ನಮ್ಮ ಅಜ್ಜಿಗೂ."

ಮೇಲೆ ಜಾಗವಿರಲಿಲ್ಲ. ನರ್ಸು ಇನ್ನೊಂದು ಹಾಳೆ ತೆಗೆದು, ಮೊದಲಿನದರ ತಲೆಗೆ ಅಂಟಿಸಿದಳು.